ಓನರ್ ಆಂಟಿಯ ನಾಲಿಗೆ

ಅವರು ಸುಮ್ಮನೆ ಕೂತಿದ್ದಾಗಲೂ ಅವರ ಬಳೆಗಳು ಸದ್ದು ಮಾಡುತ್ತಿದ್ದವು. ಎರಡೂ ಕೈತುಂಬ ಹಸಿರು ಗಾಜಿನ ಬಳೆ, ಅವುಗಳ ಹಿಂದೆ ಮುಂದೆ ಸವೆದು ತೆಳ್ಳಗಾದ ಚಿನ್ನದ ಬಳೆ. ಕೈ ತೊಡೆಯ ಮೇಲೆ ತೆಪ್ಪಗಿದ್ದರೂ ಬಳೆಗಳು ಮಾತ್ರ ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಲೇ ಇರುತ್ತಿದ್ದವು. ಬಾಡಿಗೆಗೆ ಮನೆ ನೋಡಲು ಹೋದ ದಿನ ನನ್ನ ಗಮನವೆಲ್ಲ ಆ ಸದ್ದಿನ ಮೇಲೇ ಇತ್ತು. ಮೈಯಲ್ಲಿ ಹಬ್ಬ ಇಟ್ಟುಕೊಂಡೇ ಓಡಾಡುವ ಹೆಂಗಸು ಎಂದುಕೊಂಡೆ. ಅದು ಕಾಯಿಲೆಯ ನಡುಕ ಎಂದು ಗೊತ್ತಾದದ್ದು ಆಮೇಲೆ.

ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ಅವರ ಮನೆ. ಕೆಳಗೆ ಅವರು, ಮೇಲೆ ನಾನು ಮತ್ತು ನನ್ನ ಗಂಡ. ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಿಗೆ ಗೊತ್ತಿರುತ್ತದೆ, ಮನೆ ಮಾಲೀಕರಿಗೆ ಹೆಸರು ಅಂತ ಒಂದು ಇರುವುದಿಲ್ಲ. ಅವರು ನಮಗೆ ಓನರ್ ಆಂಟಿ. ಅವರ ಗಂಡ ಓನರ್ ಅಂಕಲ್. ಮನೆ ಇದ್ದದ್ದು ಆಂಟಿಯ ಹೆಸರಿನಲ್ಲಿ. ಅದಕ್ಕೇ ಅಂಕಲ್, "ನಾನೂ ನಿಮ್ಮ ಹಾಗೇ ಇಲ್ಲಿ ಬಾಡಿಗೆಗಿದೀನಮ್ಮ, ಅಡ್ವಾನ್ಸ್ ಮಾತ್ರ ಜಾಸ್ತಿ ಕೊಟ್ಟಿದೀನಿ" ಎನ್ನುತ್ತಿದ್ದರು.

ಆಂಟಿ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಾಲ ಕೇಳಲು ಬಂದವರೆಲ್ಲ ಒಳ್ಳೆಯದನ್ನಷ್ಟೇ ಹೇಳುವುದನ್ನು ಕೇಳಿ ಕೇಳಿ ಅವರಿಗೆ ರೋಸಿಹೋಗಿತ್ತಂತೆ. ಹಾಗಾಗಿ ಯಾವ ವಿಷಯವೇ ಇರಲಿ, ಮೊದಲು ತೊಂದರೆಗಳನ್ನೆಲ್ಲ ಹೇಳಿ ಮುಗಿಸುವುದು ಅವರ ಪದ್ಧತಿ. ಮನೆ ತೋರಿಸುವಾಗಲೂ ಹಾಗೇ.

"ನೀರು ದಿನ ಬಿಟ್ಟು ದಿನ ಬರೋದು. ಬೇಸಿಗೇಲಿ ಮೇಲಿನ ರೂಮು ಕಾದ ಬಾಣಲೆ ಥರ ಇರತ್ತೆ. ಹಿಂದಿನ ರಸ್ತೇಲಿ ಛತ್ರ ಇದೆ, ಮದುವೆ ಸೀಸನ್‌ನಲ್ಲಿ ವಾಲಗ, ಪಟಾಕಿ ಎಲ್ಲಾ ಫ್ರೀ. ಮಳೆ ಬಂದ್ರೆ ಬಾತ್‌ರೂಮ್ ಬಾಗ್ಲು ಊದ್ಕೊಳತ್ತೆ, ಸ್ವಲ್ಪ ಎತ್ತಿ ಎಳೀಬೇಕು. ಇಷ್ಟು ತೊಂದ್ರೆ."

"ಒಳ್ಳೇದು ಏನಿದೆ ಆಂಟಿ?" ಎಂದೆ ನಾನು.

"ಒಳ್ಳೇದಾ? ಕೆಳಗಡೆ ನಾನಿರ್ತೀನಿ" ಎಂದರು.

ಅಲ್ಲೇ ಅಡ್ವಾನ್ಸ್ ಕೊಟ್ಟುಬಿಟ್ಟೆವು. ನಾವು ಸಾಮಾನು ಇಳಿಸಿದ ದಿನವೇ ಕೆಳಗಿನಿಂದ ಹುಣಸೆಹಣ್ಣಿನ ಗೊಜ್ಜಿನ ಡಬ್ಬಿ ಬಂತು. ಬಾಟಲಿ ತುಂಬ ಸಾರಿನ ಪುಡಿ, ಬಾಳೆ ಎಲೆಯಲ್ಲಿ ಸುತ್ತಿದ ಒಬ್ಬಟ್ಟು, ಹೀಗೆ ಮೆಟ್ಟಿಲು ಹತ್ತಿ ಬರುವುದು ನಿಲ್ಲಲೇ ಇಲ್ಲ. ಅಡಿಗೆ ಎಂದರೆ ಮೊಬೈಲಿನಲ್ಲಿ ತರಿಸುವುದು ಎಂದುಕೊಂಡಿದ್ದ ನನಗೆ ಅದು ಮೊದಲು ಮುಜುಗರವಾಗಿ, ಆಮೇಲೆ ಅಭ್ಯಾಸವಾಗಿ, ಕೊನೆಗೆ ಹಕ್ಕಾಗಿ ಹೋಯಿತು.

ಆ ಮನೆಯ ಅಡಿಗೆಗೆ ಒಂದು ಕಟ್ಟುಪಾಡು ಇತ್ತು. ಬೇಯಿಸಿದ್ದೆಲ್ಲ ಮೊದಲು ದೇವರಿಗೆ ನೈವೇದ್ಯವಾಗಬೇಕು. ಅಲ್ಲಿಯವರೆಗೆ ಯಾರೂ ಬಾಯಿಗೆ ಹಾಕುವಂತಿಲ್ಲ. ಒಲೆಯ ಮುಂದೆ ನಿಂತವರಂತೂ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ಉಪ್ಪು ನೋಡಿದರೆ ಮುಗಿಯಿತು, ಅದು ಎಂಜಲು. ಹಾಗಾಗಿ ಆಂಟಿ ಚಿಕ್ಕಂದಿನಿಂದಲೂ ರುಚಿ ನೋಡದೆಯೇ ಅಡಿಗೆ ಮಾಡಿದವರು. ಸಾರಿಗೆ ಹುಳಿ ಹೊಂದಿತೋ ಇಲ್ಲವೋ ಎನ್ನುವುದನ್ನು ಆವಿಗೆ ಮೂಗು ಒಡ್ಡಿ ಹೇಳುತ್ತಿದ್ದರು. ಬೇಳೆ ಬೆಂದದ್ದು ಕುದಿಯುವ ಸದ್ದಿನಲ್ಲೇ ಅವರಿಗೆ ತಿಳಿಯುತ್ತಿತ್ತು. "ಉಪ್ಪು ಕಮ್ಮಿ ಆದ್ರೂ ಸದ್ದಲ್ಲೇ ಗೊತ್ತಾಗತ್ತೆ" ಎಂದೊಮ್ಮೆ ಕೊಚ್ಚಿಕೊಂಡಾಗ ಅಂಕಲ್ ಪೇಪರಿನಿಂದ ತಲೆ ಎತ್ತದೆ, "ಹೌದು, ಉಪ್ಪು ಕಮ್ಮಿ ಆದ್ರೆ ಸಾರು ಬಿಕ್ಕಿ ಬಿಕ್ಕಿ ಅಳತ್ತೆ" ಎಂದಿದ್ದರು.

ನೈವೇದ್ಯ ಆದ ಮೇಲಿನ ಆಂಟಿಯೇ ಬೇರೆ. ಎಲೆ ಮುಂದೆ ಕೂತರೆ ಲೋಕ ಮರೆಯುತ್ತಿತ್ತು. ತಾವೇ ಮಾಡಿದ್ದನ್ನು ಬೇರೆ ಯಾರೋ ಮಾಡಿ ಬಡಿಸಿದ ಹಾಗೆ ತಿನ್ನುತ್ತಿದ್ದರು. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ, "ಯಾವ ಪುಣ್ಯಾತ್ಗಿತ್ತಿ ಮಾಡಿದ್ದೇ ಈ ಗೊಜ್ಜು? ಅವಳ ಕೈಗೆ ಬಂಗಾರದ ಬಳೆ ತೊಡಿಸ್ಬೇಕು!" ಎನ್ನುತ್ತಿದ್ದರು. ಅಷ್ಟು ಖುಷಿಯಾಗಿ ಊಟ ಮಾಡುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ವಿಚಿತ್ರವೆಂದರೆ, ಅಷ್ಟು ತಿಂದರೂ ಅವರು ಇಳಿಯುತ್ತಲೇ ಹೋದರು. ರವಿಕೆಯ ತೋಳು ಸಡಿಲವಾಯಿತು. ಮಾರ್ಗಶಿರದ ಚಳಿಯಲ್ಲೂ ಫ್ಯಾನು ಬೇಕು. ಕಣ್ಣುಗಳು ಏನನ್ನೋ ನೋಡಿ ಬೆರಗಾದ ಹಾಗೆ ಅಗಲವಾದವು. ಮೆಟ್ಟಿಲು ಹತ್ತಿದರೆ ಎದೆ ಹಿಡಿದು ನಿಲ್ಲುತ್ತಿದ್ದರು. ಕೊನೆಗೆ ಅಂಕಲ್ ಗದರಿಸಿ ವಿಜಯನಗರದ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆಂಟಿಯ ಥೈರಾಯ್ಡ್ ಗ್ರಂಥಿ ಲಗಾಮು ಕಿತ್ತುಕೊಂಡು ಓಡುತ್ತಿದೆ, ಅದರ ಹಿಂದೆ ಎದೆಬಡಿತವೂ ತಾಳ ತಪ್ಪಿ ಓಡುತ್ತಿದೆ ಎಂದು ರಕ್ತ ಪರೀಕ್ಷೆ, ಇಸಿಜಿಯಲ್ಲಿ ಗೊತ್ತಾಯಿತು.

ನಮ್ಮ ಬೀದಿಯ ಅರ್ಧಕ್ಕರ್ಧ ಹೆಂಗಸರಿಗೆ ಥೈರಾಯ್ಡ್. ಆದರೆ ಅವರೆಲ್ಲರದ್ದೂ ನಿಧಾನದ್ದು, ಇವರದ್ದೊಬ್ಬರದ್ದೇ ಎಕ್ಸ್‌ಪ್ರೆಸ್. ಅವರು ಬಂದು "ಬೆಳಿಗ್ಗೆ ಖಾಲಿ ಹೊಟ್ಟೇಲಿ ತಗೊಳ್ಳಿ, ಎಲೆಕೋಸು ತಿನ್ಬೇಡಿ" ಎಂದು ಬುದ್ಧಿ ಹೇಳಿ, ಹೋಗುವಾಗ ಆಂಟಿಯ ಸಣ್ಣ ಸೊಂಟವನ್ನು ಹೊಟ್ಟೆಕಿಚ್ಚಿನಿಂದ ನೋಡಿಕೊಂಡು ಹೋಗುತ್ತಿದ್ದರು.

ಡಾಕ್ಟರು ಮಾತ್ರೆ ಕೊಟ್ಟರು. ಅದರಿಂದ ಅಪರೂಪಕ್ಕೆ ಬಿಳಿ ರಕ್ತಕಣ ತಗ್ಗಬಹುದು, ಗಂಟಲು ನೋವೋ ಜ್ವರವೋ ಬಂದರೆ ಅದೇ ದಿನ ಬಂದು ರಕ್ತ ಪರೀಕ್ಷೆ ಮಾಡಿಸಬೇಕು ಎಂದು ಒತ್ತಿ ಹೇಳಿದರು. ಅಂಕಲ್‌ಗೆ ಅಷ್ಟು ಸಾಕಾಯಿತು. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟಿದ್ದ ಕಾಗದವನ್ನು ಬಿಡಿಸಿ, ಭೂತಗನ್ನಡಿ ಹಿಡಿದು, ಸಂಜೆ ದೀಪ ಹಚ್ಚಿದ ಮೇಲೆ ಪುರಾಣ ಓದಿದ ಹಾಗೆ ಗಟ್ಟಿಯಾಗಿ ಓದತೊಡಗಿದರು. "ಕೂದಲು ಉದುರಬಹುದು. ಮೈ ತುರಿಸಬಹುದು. ತಲೆ ಸುತ್ತಬಹುದು. ಕೀಲು ನೋಯಬಹುದು."

"ಅದ್ರಲ್ಲಿ ಗಂಡ ತಲೆ ತಿನ್ನಬಹುದು ಅಂತ ಬರ್ದಿಲ್ವಾ?" ಎಂದು ಆಂಟಿ ಅಡಿಗೆಮನೆಯಿಂದ ಕೇಳುತ್ತಿದ್ದರು.

ಬೆಳಿಗ್ಗೆ ಎದ್ದ ತಕ್ಷಣ ಅಂಕಲ್ ಟಾರ್ಚ್ ಹಿಡಿದು ಗಂಟಲು ನೋಡಲು ಆಂಟಿಯನ್ನು ಕಿಟಕಿಯ ಬಳಿ ನಿಲ್ಲಿಸಿ "ಆ ಅನ್ನು" ಎನ್ನುವರು. ಆಂಟಿ ಬೀದಿಗೆಲ್ಲ ಕೇಳುವ ಹಾಗೆ "ಆ" ಎನ್ನುವರು. ನನಗೆ ಅದೇ ಅಲಾರಂ ಆಗಿಬಿಟ್ಟಿತ್ತು. ಮಾತ್ರೆಯಂತೂ ಹೇಳಿದ ಕೆಲಸ ಮಾಡಿತು. ನಡುಕ ನಿಂತಿತು, ಮೈ ತುಂಬಿಕೊಂಡಿತು, ಬಳೆಗಳು ಕೆಲಸವಿದ್ದಾಗ ಮಾತ್ರ ಸದ್ದು ಮಾಡುವ ಬಳೆಗಳಾದವು. ಅಂಕಲ್ ನಮಗೆಲ್ಲ ಮೈಸೂರುಪಾಕು ಹಂಚಿದರು.

ಆಮೇಲೆ ಯುಗಾದಿ ಬಂತು.

ಹಬ್ಬದ ಬೆಳಿಗ್ಗೆ ನಮ್ಮಿಬ್ಬರನ್ನೂ ಕೆಳಗೆ ಕರೆದು ಬೇವು ಬೆಲ್ಲ ಕೊಟ್ಟರು. ಬೇವಿನ ವಿಷಯದಲ್ಲಿ ಆಂಟಿ ಮಕ್ಕಳಿಗಿಂತ ಕಡೆ, ಮುಖ ಕಿವುಚಿ ಕುಣಿದುಬಿಡ್ತಾಳೆ ಎಂದು ಅಂಕಲ್ ಮೊದಲೇ ಹೇಳಿ ನಮ್ಮನ್ನು ನಗಲು ಸಿದ್ಧ ಮಾಡಿದ್ದರು. ಆಂಟಿ ಬಾಯಿಗೆ ಹಾಕಿಕೊಂಡರು. ಕೊತ್ತಂಬರಿ ಸೊಪ್ಪು ಅಗಿದ ಹಾಗೆ ಅಗಿದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಬಟ್ಟಲಿನಿಂದ ಬರೀ ಬೇವಿನೆಲೆಗಳನ್ನೇ ಆರಿಸಿ ಇನ್ನಷ್ಟು ಹಾಕಿಕೊಂಡರು. ಆಮೇಲೆ ಒಂದು ಚೂರು ಬೆಲ್ಲ. ನಮ್ಮ ನಗು ತಣ್ಣಗಾಯಿತು.

"ಏನೇ?" ಎಂದರು ಅಂಕಲ್.

"ಏನೂ ಇಲ್ಲ ರೀ" ಎಂದರು ಆಂಟಿ. "ಏನೂ ಅಂದ್ರೆ ಏನೂ ಇಲ್ಲ. ಎರಡೂ ಒಂದೇ ಥರ ಇದೆ. ವಾರದಿಂದ ಮಂಕಾಗಿತ್ತು, ಇವತ್ತು ಪೂರ್ತಿ ಹೋಗಿದೆ."

ಅಂಕಲ್, "ಬೇವು ಬೆಲ್ಲ ಒಂದೇ ಆಗ್ಲಿ ಅಂತ ದೊಡ್ಡ ದೊಡ್ಡ ಸನ್ಯಾಸಿಗಳು ಜೀವಮಾನವೆಲ್ಲ ತಪಸ್ಸು ಮಾಡ್ತಾರೆ. ನಿಂಗೆ ಮಾತ್ರೇಲೇ ಸಿಕ್ತಲ್ಲೇ" ಎಂದರು. ಆಂಟಿ ನಕ್ಕರು. ಆದರೆ ಅವತ್ತು ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಕೊಳ್ಳಲಿಲ್ಲ. ಅರ್ಧ ತಿಂದು ಎಲೆ ಮಡಚಿದರು. ಅವರು ಎಲೆಯಲ್ಲಿ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಡಾಕ್ಟರಿಗೆ ಹೇಳಿ ಎಂದೆ. ನೋಡೋಣ ಎಂದರು. ನೋಡಿದ್ದು ಏನೆಂದರೆ, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು. ಅಂಕಲ್ ಎಣಿಸುತ್ತಾರೆ ಎಂದು ದಿನಾ ಬೆಳಿಗ್ಗೆ ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಒತ್ತಿ ತೆಗೆದು ಸಿಂಕಿಗೆ ಹಾಕುತ್ತಿದ್ದರಂತೆ. ಸಾಲ ಕೇಳಲು ಬಂದವರ ಕಣ್ಣು ನೋಡಿಯೇ ಸುಳ್ಳು ಹಿಡಿಯುತ್ತಿದ್ದ ಹೆಂಗಸು, ತನ್ನ ಮನೆಯಲ್ಲೇ ತಾನೇ ಕಳ್ಳಿ!

ಯುಗಾದಿ ಆಗಿ ಒಂಬತ್ತನೆಯ ದಿನಕ್ಕೆ ರಾಮನವಮಿ. ನಮ್ಮ ಬೀದಿಯಲ್ಲಿ ಪೆಂಡಾಲು ಹಾಕಿ ಪಾನಕ, ಕೋಸಂಬರಿ ಹಂಚುತ್ತಾರೆ. ಪಾನಕ ಎಷ್ಟೋ ವರ್ಷಗಳಿಂದ ಆಂಟಿಯದೇ. ಬೆಲ್ಲ ಕರಗಿಸಿದ ದೊಡ್ಡ ಕೊಳಗದ ಮುಂದೆ ಸೆರಗು ಸಿಕ್ಕಿಸಿ ನಿಂತು, ಶುಂಠಿ, ಮೆಣಸು, ಏಲಕ್ಕಿ ಹಾಕುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕೋಸಂಬರಿಗೆ ಸೌತೇಕಾಯಿ ಹೆಚ್ಚುತ್ತಿದ್ದೆ. ಧ್ವನಿವರ್ಧಕದಲ್ಲಿ ಭಜನೆ. ಅದರ ನಡುವೆ ನನಗೆ ಕಿಣಿಕಿಣಿ ಕೇಳಿಸಿತು. ತಿರುಗಿ ನೋಡಿದರೆ ಆಂಟಿ ಸೌಟು ಆಡಿಸುತ್ತಿರಲಿಲ್ಲ. ಕೈ ಕೊಳಗದ ಅಂಚಿನ ಮೇಲೆ ಸುಮ್ಮನಿತ್ತು, ಬಳೆಗಳು ಕುಣಿಯುತ್ತಿದ್ದವು.

"ಆಂಟಿ, ಮಾತ್ರೆ ತಗೊಳ್ತಿದೀರಾ?"

"ನೀನು ಸೌತೇಕಾಯಿ ನೋಡು. ಬೆರಳು ಹೆಚ್ಕೋತೀಯ."

"ಆಂಟಿ, ನನ್ನ ಮುಖ ನೋಡಿ ಹೇಳಿ."

ಅವರು ನೋಡಲಿಲ್ಲ. ಹಣೆಯ ಕುಂಕುಮ ಬೆವರಿನಲ್ಲಿ ಮೂಗಿನವರೆಗೆ ಇಳಿದಿತ್ತು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದು ಕೂತು ಎದೆಗೆ ಕೈ ಒತ್ತಿ ಹಿಡಿದರು. "ಒಳಗೆ ಯಾರೋ ಓಡ್ತಿದಾರೆ ಕಣೇ" ಎಂದರು. ನಾನು ಓಡಿ ಅಂಕಲ್‌ರನ್ನು ಕರೆತಂದೆ. ಅಂಕಲ್ ಆಟೋ ನಿಲ್ಲಿಸಿದರು, ನಾನೂ ಜೊತೆಗೆ ಹತ್ತಿದೆ. ಆಟೋ ಹೊರಟರೂ ಆಂಟಿ ಕತ್ತು ಹೊರಗೆ ಹಾಕಿ ಪೆಂಡಾಲಿನ ಕಡೆ, "ನಿಂಬೆಹಣ್ಣು ಈಗ್ಲೇ ಹಿಂಡ್ಬೇಡಿ! ನೈವೇದ್ಯಕ್ಕೆ ಮುಂಚೆ ಯಾರೂ ಕುಡೀಬೇಡಿ!" ಎಂದು ಕೂಗುತ್ತಿದ್ದರು.

ಡಾಕ್ಟರು ಅವರನ್ನು ಮಲಗಿಸಿ, ಎದೆಯ ಓಟ ತಗ್ಗಲು ಔಷಧಿ ಕೊಟ್ಟು, ಆಮೇಲೆ ಬೈದರು. ಬೈಯುವ ಹಕ್ಕು ಅವರಿಗಿತ್ತು.

"ನಾಲಿಗೆ ಹೋಗಿದೆ ಅಂತ ನನಗೆ ಒಂದು ಮಾತು ಹೇಳ್ಬಾರ್ದಾಗಿತ್ತಾ ಅಮ್ಮ? ಈ ಮಾತ್ರೆಯಿಂದ ಅಪರೂಪಕ್ಕೆ ಹಾಗಾಗತ್ತೆ."

"ಹೇಳಿದ್ರೆ ನೀವು ನಿಲ್ಸಬೇಡಿ ಅಂತಿದ್ರಿ."

"ಈಗ ನಿಲ್ಸಿದ್ರಲ್ಲ, ರುಚಿ ಬಂತಾ?"

"ಇಲ್ಲ" ಎಂದರು ಆಂಟಿ. ಅಷ್ಟು ಸಣ್ಣ ದನಿ ಅವರದೆಂದು ನಂಬಲಾಗಲಿಲ್ಲ.

"ಅದು ಬರಕ್ಕೆ ವಾರಗಟ್ಟಲೆ ಬೇಕು. ಎದೆ ಅಷ್ಟು ದಿನ ಕಾಯಲ್ಲ. ಹೀಗೇ ಬಿಟ್ರೆ ಅದು ಸೋತುಹೋಗತ್ತೆ."

ಆಂಟಿ ಎದ್ದು ದಿಂಬಿಗೆ ಒರಗಿ ಕೂತರು. ಸೆರಗು ಸರಿಮಾಡಿಕೊಂಡರು. ಆ ಕ್ಷಣ ಮಂಚದ ಮೇಲೆ ರೋಗಿ ಇರಲಿಲ್ಲ, ಸಾಲದ ವಿಭಾಗದ ಅಧಿಕಾರಿ ಕೂತಿದ್ದರು. "ಬೇರೆ ದಾರಿ ಏನೇನಿದೆ ಹೇಳಿ ಡಾಕ್ಟ್ರೇ. ತೊಂದ್ರೆ ಮೊದ್ಲು ಹೇಳಿ, ಒಳ್ಳೇದು ಆಮೇಲೆ."

ಡಾಕ್ಟರು ನಕ್ಕು ಕುರ್ಚಿ ಎಳೆದುಕೊಂಡರು. ಇನ್ನೊಂದು ಮಾತ್ರೆ ಇದೆ, ಅದು ಲಿವರ್ ಮೇಲೆ ಬೀಳಬಹುದು. ಒಂದೇ ಸಲ ಕುಡಿಯುವ ಔಷಧಿ ಇದೆ, ಗ್ರಂಥಿಯನ್ನು ಸುಟ್ಟು ಸುಮ್ಮನಾಗಿಸುತ್ತದೆ, ಆದರೆ ಆಂಟಿಯ ಕಣ್ಣು ಈಗಾಗಲೇ ಉಬ್ಬಿದೆ, ಅದು ಇನ್ನೂ ಕೆಡಬಹುದು. ಆಪರೇಷನ್ ಮಾಡಬಹುದು, ಅದಕ್ಕೂ ಮುಂಚೆ ಎದೆ ಹದಕ್ಕೆ ಬರಬೇಕು, ದನಿಯ ನರಕ್ಕೆ ಪೆಟ್ಟಾಗುವ ಸಣ್ಣ ಭಯವೂ ಇದೆ. ಒಂದೊಂದಕ್ಕೂ ಆಂಟಿ ಅಡ್ಡಪ್ರಶ್ನೆ ಹಾಕಿದರು. ಎಷ್ಟು ಜನಕ್ಕೆ ಹಾಗಾಗತ್ತೆ, ಆದಮೇಲೆ ಸರಿ ಮಾಡಕ್ಕಾಗತ್ತಾ, ನಿಮ್ಮ ತಾಯಿ ಆಗಿದ್ರೆ ಏನು ಮಾಡಿಸ್ತಿದ್ರಿ.

"ಇದೇ ಮಾತ್ರೆ ಮುಂದುವರಿಸ್ತಿದ್ದೆ" ಎಂದರು ಡಾಕ್ಟರು. "ಒಂದೂವರೆ ವರ್ಷ. ಆಮೇಲೆ ಗ್ರಂಥಿ ತಣ್ಣಗಾಗೋ ಸಾಧ್ಯತೆ ಇದೆ. ಅಲ್ಲೀವರೆಗೂ ನಾಲಿಗೆ ಬರ್ದೇ ಇರಬಹುದು. ಮಾತ್ರೆ ನಿಂತ ಮೇಲೆ ಸಾಮಾನ್ಯವಾಗಿ ಬರತ್ತೆ. ಬಂದೇ ಬರತ್ತೆ ಅಂತ ಬರ್ಕೊಡಕ್ಕೆ ನನ್ನ ಕೈಲಾಗಲ್ಲ."

ಅಂಕಲ್ ಅಲ್ಲಿಯವರೆಗೂ ಗೋಡೆಗೆ ಒರಗಿ ನಿಂತಿದ್ದವರು ಮುಂದೆ ಬಂದರು. ಕಣ್ಣು ತುಂಬಿತ್ತು. "ನಂಗೆ ನಿನ್ನ ಗೊಜ್ಜೂ ಬೇಡ, ಒಬ್ಬಟ್ಟೂ ಬೇಡ. ದಿನಾ ಹೋಟ್ಲಿಂದ ತಂದು ತಿನ್ನೋಣ. ನೀನಿದ್ರೆ ಸಾಕು ಕಣೇ."

"ಹೋಟ್ಲಿಂದ ಯಾಕೆ?" ಎಂದರು ಆಂಟಿ. "ಮಾಡಕ್ಕೆ ನಾಲಿಗೆ ಯಾವತ್ತು ಬೇಕಾಗಿತ್ತು ರೀ ನಂಗೆ? ತಿನ್ನಕ್ಕೆ ತಾನೇ ಬೇಕಿದ್ದು. ಮಾತ್ರೆ ಕೊಡಿ ಡಾಕ್ಟ್ರೇ."

ಹೇಳಿದ್ದು ಅಷ್ಟೇ. ತನಗೆ ಅತ್ಯಂತ ಪ್ರಿಯವಾದದ್ದನ್ನು ಬಿಟ್ಟುಕೊಡುವಾಗ ಮನುಷ್ಯರು ಅತ್ತು ಕರೆದು ರಂಪ ಮಾಡುವುದನ್ನು ನೋಡಿದ್ದೇನೆ, ನಾನೇ ಮಾಡಿದ್ದೇನೆ. ಆಂಟಿ ತರಕಾರಿ ವ್ಯಾಪಾರ ಕುದುರಿಸಿದ ಹಾಗೆ ಮುಗಿಸಿದರು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಬಂದ ಪ್ರೀತಿಯನ್ನು ಹೇಗೆ ಹೇಳಲಿ, ಅವರ ಕಾಲು ಹಿಡಿದುಕೊಳ್ಳಬೇಕೆನ್ನಿಸಿತು.

ವಾಪಸ್ ಬರುವಾಗ ಆಟೋ ಹಾವಿನಂತೆ ಸಾಲುಗಟ್ಟಿದ್ದ ವಾಹನಗಳ ನಡುವೆ ನಿಂತಿದ್ದಾಗ ಆಂಟಿ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ನೀನು ಹೇಳ್ತೀಯಾ?" ಎಂದರು.

"ಏನು ಆಂಟಿ?"

"ಹೇಗಿದೆ ಅಂತ. ನಾನು ಮಾಡ್ತೀನಿ, ನೈವೇದ್ಯ ಆಗತ್ತೆ, ನೀನು ತಿಂದು ನಂಗೆ ಹೇಳು. ನೀನು ಬರೆಯೋಳಲ್ವಾ, ಮಾತು ಬರತ್ತೆ."

ನಾನು ಬರೆಯುವವಳು ಹೌದು. ಕಂಪನಿಗಳ ಜಾಹೀರಾತುಗಳನ್ನು ಕನ್ನಡಕ್ಕೆ ಮಾಡಿಕೊಡುವುದು ನನ್ನ ಕೆಲಸ. ಬಿಸ್ಕತ್ತು, ಉಪ್ಪಿನಕಾಯಿ, ಚಹಾ ಎಲ್ಲಕ್ಕೂ ಅದೇ ಅಪ್ಪಟ ರುಚಿ, ಅದೇ ಅಮ್ಮನ ಕೈರುಚಿ. ಲ್ಯಾಪ್‌ಟಾಪಿನ ಮುಂದೆ ಏನು ತಿನ್ನುತ್ತಿದ್ದೇನೆಂದೇ ತಿಳಿಯದೆ ತಿನ್ನುತ್ತ ಅವನ್ನು ಬರೆಯುತ್ತಿದ್ದೆ. ಇದೇನು ಮಹಾ ಎಂದುಕೊಂಡು ಒಪ್ಪಿಕೊಂಡೆ.

ಮೊದಲ ಭಾನುವಾರ ಕೆಳಗೆ ಹೋದೆ. ಮೆಣಸಿನ ಸಾರು. ಒಂದು ತುತ್ತು ತಿಂದು, "ತುಂಬಾ ಚೆನ್ನಾಗಿದೆ ಆಂಟಿ" ಎಂದೆ.

"ಚೆನ್ನಾಗಿದೆ ಅನ್ನೋದು ರುಚಿ ಅಲ್ಲ ಕಣೇ, ಮರ್ಯಾದೆ. ರುಚಿ ಹೇಳು."

"ಸೂಪರ್ ಆಗಿದೆ."

"ಎದ್ದೋಗು ಮೇಲೆ."

ನಾನು ಮತ್ತೆ ತಿಂದೆ. ಕಣ್ಣು ಮುಚ್ಚಿಕೊಂಡೆ. ಬಾಯಿಯೊಳಗೆ ಅಷ್ಟೊಂದು ನಡೆಯುತ್ತಿರುತ್ತದೆ ಎಂದು ನನಗೆ ಅವತ್ತು ತಿಳಿಯಿತು. "ಮೊದಲು ಹುಳಿ ಬರತ್ತೆ ಆಂಟಿ, ನಾಲಿಗೆ ಅಂಚಿಗೆ. ಆಮೇಲೆ ತುಪ್ಪ ಬಂದು ಅದನ್ನ ಸಮಾಧಾನ ಮಾಡತ್ತೆ. ಮೆಣಸು ಕಾಣೋದೇ ಇಲ್ಲ, ನುಂಗಿ ಆದ್ಮೇಲೆ ಗಂಟಲ ಹತ್ರ ಕಾಯ್ತಾ ಕೂತಿರತ್ತೆ."

ಆಂಟಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಎಷ್ಟು ಹೊತ್ತು ಇರತ್ತೆ?"

"ಇನ್ನೂ ಇದೆ."

"ಹಾಗಾದ್ರೆ ಹದವಾಗಿ ಹುರ್ದಿದೀನಿ" ಎಂದು ತಮ್ಮ ಎಲೆಗೆ ಸಾರು ಬಡಿಸಿಕೊಂಡು, ನಾನು ಹೇಳಿದ್ದನ್ನೇ ನೆನೆಯುತ್ತ ಉಂಡರು. ಎಲೆಯಲ್ಲಿ ಏನೂ ಬಿಡಲಿಲ್ಲ.

ಹೀಗೆ ಶುರುವಾಯಿತು. ಅವರೆಕಾಯಿ ಕಾಲಕ್ಕೆ ಹಿತಕಿದ ಬೇಳೆ ಹುಳಿ, ಮಾವಿನಕಾಯಿ ಕಾಲಕ್ಕೆ ಚಿತ್ರಾನ್ನ, ಗೌರಿಹಬ್ಬಕ್ಕೆ ಕಡುಬು, ದೀಪಾವಳಿಗೆ ಕಜ್ಜಾಯ. ಒಂದು ಸಲ ಬಳಸಿದ ಮಾತನ್ನು ಮತ್ತೊಮ್ಮೆ ಬಳಸುವಂತಿಲ್ಲ. "ಘಮಘಮ" ನಿಷೇಧ, ಅದು ಮೂಗಿನ ಇಲಾಖೆ, ಅದು ಇನ್ನೂ ಅವರದೇ ಕೈಯಲ್ಲಿತ್ತು. ವಾರವೆಲ್ಲ ನಾನು ಮಾತು ಹುಡುಕುತ್ತಿದ್ದೆ. ವಿಜಯನಗರದ ಮಾರುಕಟ್ಟೆಯಲ್ಲಿ ನೆಲ್ಲಿಕಾಯಿ ಕಚ್ಚಿ ಮುಖ ಕಿವುಚಿಕೊಂಡೇ ಅದಕ್ಕೊಂದು ಸರಿಯಾದ ಪದ ಹುಡುಕುತ್ತ ನಿಂತು, ಅಂಗಡಿಯವನಿಂದ "ತಗೊಳ್ತೀರಾ ಇಲ್ವಾ ಅಕ್ಕ?" ಎಂದು ಹೇಳಿಸಿಕೊಂಡದ್ದಿದೆ. ಅಷ್ಟು ಚುರುಕಾಗಿ, ಅಷ್ಟು ಸಂತೋಷವಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಅಂಕಲ್‌ಗೆ ಹೊಟ್ಟೆಯುರಿಯಾಯಿತು. ತಾವೂ ಹೇಳುತ್ತೇನೆಂದು ಮುಂದೆ ಬಂದರು.

"ಹೇಳಿ ಮತ್ತೆ, ಈ ಹುಳಿ ಹೇಗಿದೆ?"

"ಹೋದ ವಾರದ ಥರಾನೇ ಇದೆ."

"ಹೋದ ವಾರ ಹೇಗಿತ್ತು?"

"ಅದರ ಹಿಂದಿನ ವಾರದ ಥರ."

"ಇಷ್ಟು ವರ್ಷ ಈ ಮನುಷ್ಯನಿಗೆ ಹುಲ್ಲು ಬೇಯ್ಸಿ ಹಾಕಿದ್ರೂ ಆಗ್ತಿತ್ತು ನೋಡೇ" ಎಂದು ಆಂಟಿ ನನ್ನ ಕಡೆ ತಿರುಗಿ ಹಣೆ ಚಚ್ಚಿಕೊಂಡರು.

ಅಂಕಲ್ ಪಾಪ, ಪ್ರತಿ ವಾರವೂ ನಪಾಸಾದರು. ಆದರೆ ಬಿಡಲಿಲ್ಲ. ಒಂದು ಸಂಜೆ ಹಿತಕಿದ ಬೇಳೆ ಹುಳಿ ತಿನ್ನುತ್ತಿದ್ದವರು ಕೈ ತಡೆದು, ಯಾರೂ ಕೇಳದೆಯೇ ಮಾತಾಡಿದರು. "ನಾವು ಮದುವೆ ಆದ ಹೊಸದರಲ್ಲಿ ಕಾಮಾಕ್ಷಿಪಾಳ್ಯದಲ್ಲಿ ಒಂದೇ ರೂಮಿನ ಮನೇಲಿ ಇದ್ವಲ್ಲ, ಪಕ್ಕದಲ್ಲಿ ಲೇತು ಮಿಷನ್ನು ಕಿರ್ ಅಂತಿತ್ತು. ಅವತ್ತು ಸೀಮೆಎಣ್ಣೆ ಸ್ಟವ್ ಮೇಲೆ ನೀನು ಇದನ್ನ ಮಾಡಿದ್ದೆ. ಬೇಳೆ ಬೆಣ್ಣೆ ಥರ ಇತ್ತು. ತಿಂತಿದ್ರೆ ಮಿಷನ್ನಿನ ಸದ್ದು ನಿಂತೇ ಹೋಯ್ತು ಅನ್ನಿಸ್ತು ನಂಗೆ. ಇವತ್ತೂ ಹಾಗೇ ಇದೆ. ಆವತ್ತು ಹೇಳಕ್ಕೆ ಬರ್ಲಿಲ್ಲ."

ಆಂಟಿ ಸೌಟು ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ಅಂಕಲ್ ಎಲೆಗೆ ಇನ್ನೊಂದು ಸೌಟು ಹುಳಿ ಹಾಕಿ, "ನಿಮ್ಮ ಆ ಕಾಗದದಲ್ಲಿ ಇದನ್ನ ಬರ್ದಿರ್ಲಿಲ್ವಲ್ಲ ರೀ" ಎಂದರು. "ಮಾತ್ರೆ ತಗೊಂಡ್ರೆ ಗಂಡ ಬಾಯಿ ಬಿಡಬಹುದು ಅಂತ." ನಾವು ಮೂವರೂ ನಕ್ಕೆವು. ಅಂಕಲ್ ಮೂಗು ಒರೆಸಿಕೊಂಡರು, ಖಾರ ಹತ್ತಿತು ಎಂದರು. ಹುಳಿಗೆ ಅವತ್ತು ಖಾರ ಕಮ್ಮಿಯೇ ಇತ್ತು, ಅದನ್ನು ನಾನೇ ಸ್ವಲ್ಪ ಹೊತ್ತಿನ ಮುಂಚೆ ಆಂಟಿಗೆ ಹೇಳಿದ್ದೆ.

ಹಾಗೆಂದು ಎಲ್ಲ ದಿನವೂ ನಗುನಗುತ್ತ ಇದ್ದರೆಂದು ಹೇಳಿದರೆ ಸುಳ್ಳಾದೀತು. ಕೆಲವೊಮ್ಮೆ ಬರೀ ಮೊಸರನ್ನ ಕಲಸಿಕೊಂಡು, "ಹತ್ತಿ ತಿಂದ ಹಾಗಿದೆ ಕಣೇ, ಹೊಟ್ಟೆ ತುಂಬತ್ತೆ, ಊಟ ಆಗಲ್ಲ" ಎನ್ನುತ್ತಿದ್ದರು. ಆಮೇಲೆ ಅವರೇ ಎದ್ದು ಮಾತ್ರೆ ನುಂಗಿ, ನೀರು ಕುಡಿದು, ಎದೆಯ ಮೇಲೆ ಕೈ ಇಟ್ಟು, "ಇಲ್ಲಿ ಮಾತ್ರ ನೋಡು, ಗಡಿಯಾರ ಇದ್ದ ಹಾಗಿದೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಮೆಟ್ಟಿಲು ಒಂದೇ ಉಸಿರಿಗೆ ಹತ್ತುತ್ತಿದ್ದರು. ಮುಂದಿನ ರಾಮನವಮಿಗೆ ಅದೇ ಕೊಳಗದ ಮುಂದೆ ನಿಂತು ಪಾನಕ ಮಾಡಿದರು. ಬೀದಿಯವರು ಎರಡೆರಡು ಲೋಟ ಕುಡಿದರು. ಮಾಡಿದವರ ನಾಲಿಗೆಗೆ ಅದು ಬರೀ ನೀರು ಎಂದು ಅವರಿಗೇನು ಗೊತ್ತು.

ಡಾಕ್ಟರು ಹಂತಹಂತವಾಗಿ ಮಾತ್ರೆ ಇಳಿಸುತ್ತ ಬಂದು, ಹೇಳಿದ ಸಮಯಕ್ಕೆ ಸರಿಯಾಗಿ ನಿಲ್ಲಿಸಿದರು. ಆಮೇಲೆ ಕಾಯುವುದು. ನಾನು ದಿನಾ ಕೇಳುವುದು, ಆಂಟಿ ಇಲ್ಲವೆಂದು ಕೈಯಾಡಿಸುವುದು. ಒಂದು ಬೆಳಿಗ್ಗೆ ನಮ್ಮ ಬಾಗಿಲನ್ನು ಯಾರೋ ಒಡೆದು ಹಾಕುವ ಹಾಗೆ ಬಡಿದರು. ತೆಗೆದರೆ ಆಂಟಿ. ನೈಟಿಯ ಮೇಲೆ ಟವೆಲ್ಲು, ಕೈಯಲ್ಲಿ ಬ್ರಷ್ಷು, ಬಾಯಿತುಂಬ ಪೇಸ್ಟಿನ ನೊರೆ. ಮಾತಾಡಲು ಹೋದರೆ ನೊರೆ ಗಲ್ಲದ ಮೇಲೆ ಇಳಿಯುತ್ತಿದೆ.

"ಉರೀತಿದೆ!" ಎಂದರು. "ಪೇಸ್ಟು ಉರೀತಿದೆ ಕಣೇ! ಸಿಹಿ ಇದೆ, ಥೂ, ಎಂಥಾ ಕೆಟ್ಟ ಸಿಹಿ!"

ನಾವಿಬ್ಬರೂ ತಬ್ಬಿಕೊಂಡು ಕುಣಿದೆವು. ನನ್ನ ಕೆನ್ನೆಗೆಲ್ಲ ಪೇಸ್ಟು. ಅಂಕಲ್ ಕೆಳಗಿನಿಂದ ಟಾರ್ಚ್ ಹಿಡಿದು ಓಡಿ ಬಂದರು, ಯಾಕೆಂದು ಅವರಿಗೇ ಗೊತ್ತಿರಲಿಲ್ಲ. ಅವತ್ತು ಆಂಟಿ ಇಡೀ ದಿನ ತಿಂದರು. ಉಪ್ಪಿನ ಹರಳು, ಬೆಲ್ಲ, ನಿಂಬೆಹಣ್ಣಿನ ಹೋಳು, ಹಸಿ ಮೆಣಸಿನಕಾಯಿ. ಮಧ್ಯಾಹ್ನ ನಾನು ವರ್ಣಿಸಿದ್ದರಲ್ಲಿ ಆ ಕಾಲಕ್ಕೆ ಆಗುವುದನ್ನೆಲ್ಲ ಮಾಡಿ ನೈವೇದ್ಯ ಮಾಡಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ತಪಾಸಣೆ ನಡೆಸಿದರು. "ಸಾರಿನ ವಿಷಯದಲ್ಲಿ ನೀನು ಹೇಳಿದ್ದು ಸರಿ. ಮೆಣಸು ಕಾಯ್ತಾ ಕೂತಿರೋದು ನಿಜ. ಗೊಜ್ಜಿನ ವಿಷಯದಲ್ಲಿ ಮಾತ್ರ ಜಾಸ್ತಿ ಹೊಗಳಿದೀಯ. ಇಷ್ಟು ಸಂಭ್ರಮ ಇಲ್ಲ ಇದ್ರಲ್ಲಿ" ಎಂದು ಗೊಜ್ಜಿನ ಬಟ್ಟಲನ್ನೇ ಖಾಲಿ ಮಾಡಿದರು.

ಆಮೇಲೆ ನಾವು ಶ್ರೀಗಂಧದ ಕಾವಲ್‌ನಲ್ಲಿ ಸ್ವಂತದ್ದೊಂದು ಪುಟ್ಟ ಫ್ಲ್ಯಾಟು ಕೊಂಡು ಬಂದೆವು. ನನ್ನ ಕೆಲಸ ಅದೇ, ಆದರೆ ಮಾಡುವ ರೀತಿ ಅದೇ ಅಲ್ಲ. ಬಿಸ್ಕತ್ತಿನ ಜಾಹೀರಾತು ಬಂದರೆ ಮೊದಲು ಬಿಸ್ಕತ್ತು ತರಿಸಿ ತಿನ್ನುತ್ತೇನೆ. ಆಫೀಸಿನವರು ನಗುತ್ತಾರೆ, ಬರೆದದ್ದನ್ನು ಮಾತ್ರ ತಿದ್ದುವುದಿಲ್ಲ. ಮಾತು ಹೇಳುವುದಕ್ಕೂ ಮೊದಲು ಬಾಯಲ್ಲಿರುವುದನ್ನು ಪೂರ್ತಿ ತಿನ್ನಬೇಕು ಎಂದು ನನಗೆ ಕಲಿಸಿದವರು ಅವರು. ಅಪ್ಪ ಅಮ್ಮ ಕೊಟ್ಟ ನಾಲಿಗೆ ನನ್ನ ಬಾಯಲ್ಲಿ ಸುಮ್ಮನೆ ಬಿದ್ದಿತ್ತು, ಅದಕ್ಕೆ ಜೀವ ತುಂಬಿದ್ದು ಓನರ್ ಆಂಟಿ. ಈ ಋಣ ತೀರುವಂಥದ್ದಲ್ಲ, ತೀರುವುದೂ ನನಗೆ ಬೇಡ.

ಈ ಸಂಕ್ರಾಂತಿ ಕಳೆದ ಮೇಲೆ ಅವರ ಫೋನು ಬಂತು. ಕಾಯಿಲೆ ಮರಳಿದೆ ಎಂದರು. ಹೀಗೆ ಮರಳಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಎಲ್ಲ ದಾರಿಗಳನ್ನೂ ಮತ್ತೊಮ್ಮೆ ತೂಗಿ ನೋಡಿ, ಅದೇ ಮಾತ್ರೆಯನ್ನೇ ಒಪ್ಪಿಕೊಂಡು ಬಂದಿದ್ದರು. ನಾಲಿಗೆ ಆಗಲೇ ಕೈಕೊಟ್ಟಾಗಿದೆ. ನಾನು "ಅಯ್ಯೋ ಆಂಟಿ" ಎಂದೆ.

"ಅಯ್ಯೋ ಅನ್ನೋ ಅಂಥದ್ದು ಏನಾಗಿದೆ ಈಗ? ಹೋದ ಸಲ ಹೋಗಿ ವಾಪಸ್ ಬಂತಲ್ಲ. ಅದಕ್ಕೆ ಮನೆ ದಾರಿ ಗೊತ್ತು. ಭಾನುವಾರ ಮನೇಲಿರ್ತೀಯಾ?"

ಭಾನುವಾರ ಅಂಕಲ್ ಬಸ್ಸಿನಲ್ಲಿ ಸ್ಟೀಲಿನ ಡಬ್ಬಿ ಹಿಡಿದುಕೊಂಡು ಬಂದರು. ಇನ್ನೂ ಬೆಚ್ಚಗಿತ್ತು. ಮಾವಿನಕಾಯಿ ಚಿತ್ರಾನ್ನ. ತಟ್ಟೆಗೆ ಹಾಕಿಕೊಂಡು ಫೋನನ್ನು ಪಕ್ಕದಲ್ಲಿಟ್ಟೆ. "ಹ್ಞೂಂ, ಹೇಳು" ಎಂದರು ಆ ಕಡೆಯಿಂದ. ನಾನು ಕಣ್ಣು ಮುಚ್ಚಿ ಅಗಿದೆ. ಅವಸರ ಮಾಡಲಿಲ್ಲ. "ಮಾವಿನಕಾಯಿ ತುರಿ ಅಗಿದ್ರೆ ಇನ್ನೂ ಕಟಕ್ ಅನ್ನತ್ತೆ ಆಂಟಿ. ಒಂದೊಂದು ಎಳೇಲೂ ಹುಳಿ ಬಚ್ಚಿಟ್ಕೊಂಡಿದೆ, ಅಗಿದಷ್ಟೂ ಚಿಮ್ಮತ್ತೆ, ದವಡೆ ಜುಮ್ ಅನ್ನತ್ತೆ. ಕಾಯಿ ತುರಿ ಅದರ ಹಿಂದೇನೇ ಬಂದು ಬೆನ್ನು ಸವರತ್ತೆ. ಸಾಸಿವೆ ರುಬ್ಬಿ ಹಾಕಿದೀರ, ಅದು ಬಾಯಲ್ಲಿ ನಿಲ್ಲಲ್ಲ, ಸೀದಾ ನೆತ್ತಿಗೆ. ಕಡ್ಲೇಬೀಜ ಒಂದು ಸಿಕ್ತು ಈಗ."

ನಾನು ಮಾತು ನಿಲ್ಲಿಸಿದೆ. ಆ ಕಡೆ ಸದ್ದಿಲ್ಲ. ಲೈನು ತುಂಡಾಯಿತೇನೋ ಎಂದು "ಆಂಟಿ?" ಎಂದೆ. ಆಗ, ಬಾಯಲ್ಲಿ ಊರಿದ ನೀರನ್ನು ಅವರು ಗುಟುಕ್ಕೆಂದು ನುಂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.